ಪಾಸಾಗಲು ಹೋದ ಬ್ರೇಕ್ ಮೇಷ್ಟ್ರು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿಗೆ. ಒಳ್ಳೆಯ ಮೇಷ್ಟ್ರಾದವನು ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟೂ ಇಡದವನ ಹಾಗೆ ಕೂತಿರಬೇಕು. ಪದೇ ಪದೇ ಒತ್ತಿದರೆ ಶಿಷ್ಯನಿಗೆ ಧೈರ್ಯ ಬರುವುದಿಲ್ಲ, ಒತ್ತಬೇಕಾದಾಗ ಒತ್ತದಿದ್ದರೆ ಶಿಷ್ಯನೇ ಉಳಿಯುವುದಿಲ್ಲ. ಈ ವಿದ್ಯೆಯಲ್ಲಿ ನಮ್ಮ ಮೇಷ್ಟ್ರನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ. ಅದಕ್ಕೇ ಜನ ಅವರಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಬ್ಯಾಂಕ್ ಮ್ಯಾನೇಜರಿಂದ ಹಿಡಿದು ಪೇಪರ್ ಹಾಕುವವನವರೆಗೆ ಅರ್ಧ ಊರು ಅವರ ಪಕ್ಕದಲ್ಲಿ ಕೂತು ಸ್ಟೇರಿಂಗ್ ಹಿಡಿದಿತ್ತು. ಇಷ್ಟು ವರ್ಷದಲ್ಲಿ ಅವರ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದು ಅವರಿಗಿಂತ ಡ್ರೈವಿಂಗ್ ಸ್ಕೂಲಿನ ಯಜಮಾನರಿಗೆ ಹೆಚ್ಚು ಹೆಮ್ಮೆಯ ವಿಷಯ. ಬೋರ್ಡಿನ ಮೇಲೆ ಅದನ್ನೇ ದೊಡ್ಡದಾಗಿ ಬರೆಸಿದ್ದರು.

ಮೇಷ್ಟ್ರಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು, ಪಾಸು ಮಾಡಿಸುವುದು. ಲೈಸೆನ್ಸ್ ಪರೀಕ್ಷೆಯ ಹಿಂದಿನ ದಿನ ಪ್ರತಿಯೊಬ್ಬ ಶಿಷ್ಯನನ್ನೂ ಕೂರಿಸಿಕೊಂಡು ಕೊನೆಯ ಪಾಠ ಹೇಳುತ್ತಿದ್ದರು. ಇನ್ಸ್‌ಪೆಕ್ಟರು ನಿಮ್ಮ ಕಣ್ಣೊಳಗೆ ಇಣುಕಿ ನೋಡುವುದಿಲ್ಲ, ನೀವು ಕನ್ನಡಿ ನೋಡಿದ್ದು ಅವರಿಗೆ ಕಾಣಬೇಕು ಅಷ್ಟೆ, ಆದ್ದರಿಂದ ಕತ್ತು ತಿರುಗಿಸಿ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ತಪ್ಪಾಯಿತೋ, ಅವರು ಬಾಯಿ ಬಿಡುವ ಮೊದಲೇ ನೀವೇ ಒಪ್ಪಿಕೊಂಡುಬಿಡಿ. ಈ ಪಾಠ ಕೇಳಿದವರಲ್ಲಿ ಫೇಲಾದವರು ಕಡಿಮೆ. ಕತ್ತು ತಿರುಗಿಸಿದಾಗ ಕನ್ನಡಿಯಲ್ಲಿ ಅವರಿಗೆ ನಿಜವಾಗಿ ಏನು ಕಾಣುತ್ತಿತ್ತೋ ದೇವರೇ ಬಲ್ಲ.

ಇಂಥ ಮೇಷ್ಟ್ರಿಗೆ ಒಂದು ವರ್ಷದಿಂದ ಏನೋ ಆಗಿತ್ತು. ಬೆಳಿಗ್ಗೆ ಕಣ್ಣು ಬಿಡುವಾಗಲೇ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಬಚ್ಚಲಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತು, ಏದುಸಿರು ಹತೋಟಿಗೆ ಬಂದ ಮೇಲೆ ಮುಖ ತೊಳೆದು ಹೊರಗೆ ಬರುತ್ತಿದ್ದರು. ಯಾಕೆ ಭಯ ಎಂದರೆ ಕಾರಣವಿಲ್ಲ. ಕಾರಣವಿದ್ದಿದ್ದರೆ ಅದನ್ನು ಹಿಡಿದು ನಾಲ್ಕು ಬಾರಿಸಬಹುದಿತ್ತು. ರಜೆಯ ದಿನ ಭಯ ಹೋಗಿ ಇನ್ನೊಂದು ಬರುತ್ತಿತ್ತು: ಯಾವುದೂ ಬೇಡ ಎನ್ನಿಸುವುದು. ಊಟ ಬೇಡ, ಸ್ನಾನ ಬೇಡ, ಮಾತು ಬೇಡ. ಗೋಡೆಗೆ ಮುಖ ಮಾಡಿ ಮಲಗಿದರೆ ಸಂಜೆಯಾದರೂ ಮಗ್ಗುಲು ಬದಲಿಸುತ್ತಿರಲಿಲ್ಲ. ಮಗಳು ತಂದಿಟ್ಟ ಚಹಾ ಕೆನೆಗಟ್ಟಿ ತಣ್ಣಗಾಗುತ್ತಿತ್ತು.

ಮನೆಯವರ ಪಾಡು ಕೇಳಬೇಡಿ. ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಉಸಿರು ಬಿಗಿ ಹಿಡಿಯಿರಿ, ಈಗ ಬಿಡಿ ಎಂದು ದಿನವಿಡೀ ಗುರುತಿಲ್ಲದವರಿಗೆ ಹೇಳಿ, ಮನೆಗೆ ಬಂದು ತಾನು ಉಸಿರು ಬಿಗಿ ಹಿಡಿದುಕೊಂಡು ಓಡಾಡುತ್ತಿದ್ದಳು. ಅವಳು ಕೆಲಸದಲ್ಲಿರುವಾಗ ಮೇಷ್ಟ್ರ ಫೋನು ಗಳಿಗೆಗೊಂದು ಸಲ ಬರುತ್ತಿತ್ತು. ತಲುಪಿದೆಯಾ, ಗ್ಯಾಸ್ ಆರಿಸಿದೆಯಾ, ಯಾರ ಜೊತೆ ಬರುತ್ತೀಯ. ಎತ್ತದಿದ್ದರೆ ಸಂಜೆ ರಂಪ. ಕಾಲೇಜಿಗೆ ಹೋಗುವ ಮಗಳು ಗೆಳತಿಯ ಮನೆಗೆ ಹೋಗುತ್ತೇನೆಂದರೆ ರಸ್ತೆ ದಾಟುವುದರ ಬಗ್ಗೆ ಒಂದು ಪುರಾಣ, ಕೊನೆಗೆ ಬೇಡವೇ ಬೇಡ ಎಂಬ ತೀರ್ಪು. ರಂಪ ಮುಗಿದರೆ ಮೌನ, ಅದು ದಿನಗಟ್ಟಲೆ. ಮೊದಮೊದಲು ಹೆಂಡತಿ ಏನಾಯಿತು ಎಂದು ಕೇಳುತ್ತಿದ್ದಳು, ಅಳುತ್ತಿದ್ದಳು, ಜಗಳವಾಡುತ್ತಿದ್ದಳು. ಈಚೆಗೆ ಅದನ್ನೂ ಬಿಟ್ಟಿದ್ದಳು. ಅವಳಿಗೆ ಸಾಕುಸಾಕಾಗಿತ್ತು.

ಹೀಗಿರುವಾಗ ಸರ್ಕಲ್ಲಿನ ಘಟನೆ ನಡೆಯಿತು. ಅಂದು ಸ್ಟೇರಿಂಗ್ ಹಿಡಿದಿದ್ದವಳು ಐವತ್ತರ ಹತ್ತಿರದ ಒಬ್ಬ ದರ್ಜಿ ಹೆಂಗಸು. ಮಹಾ ಪುಕ್ಕಲಿ, ಶುರುವಿನಲ್ಲಿ ಹಾರ್ನ್ ಕೇಳಿದರೆ ಸ್ಟೇರಿಂಗ್ ಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅಂದು ಮೊದಲ ಬಾರಿಗೆ ಸರ್ಕಲ್ಲನ್ನು ಅಚ್ಚುಕಟ್ಟಾಗಿ ಸುತ್ತುತ್ತಿದ್ದಳು. ಗೇರು ಸರಿ, ವೇಗ ಸರಿ, ಕತ್ತು ಕೂಡ ನಿಜವಾಗಿ ನೋಡಲೆಂದೇ ತಿರುಗಿತ್ತು. ಎದುರಿಗೆ ಏನೂ ಇರಲಿಲ್ಲ. ಇದ್ದಕ್ಕಿದ್ದಂತೆ ಮೇಷ್ಟ್ರ ಎದೆ ಡವಗುಟ್ಟಿತು, ಕಣ್ಣು ಮಂಜಾಯಿತು, ಕಾಲು ಎರಡನೆಯ ಬ್ರೇಕನ್ನು ನೆಲಕ್ಕೆ ಒತ್ತಿಬಿಟ್ಟಿತು. ಕಾರು ಸರ್ಕಲ್ಲಿನಲ್ಲಿ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಟೈರು ಉಜ್ಜಿಕೊಂಡು ಬಂದು ಒಂದು ಗೇಣು ದೂರದಲ್ಲಿ ನಿಂತಿತು. ಲಾರಿಯವನು ಬಾಯಿಗೆ ಬಂದ ಹಾಗೆ ಬೈದು ಹೋದ.

ದರ್ಜಿ ಹೆಂಗಸು ನಡುಗುತ್ತ, "ನಾನೇನು ತಪ್ಪು ಮಾಡಿದೆ ಮೇಷ್ಟ್ರೇ?" ಎಂದು ಕೇಳಿದಳು.

"ಕ್ಲಚ್ ಬಿಟ್ಬಿಟ್ರಿ ನೀವು. ಅದಕ್ಕೇ ನಿಲ್ಲಿಸ್ಬೇಕಾಯ್ತು" ಎಂದರು ಮೇಷ್ಟ್ರು.

ಅದು ಹಸಿ ಸುಳ್ಳು. ಆ ಹೆಂಗಸು ನಂಬಿದಳು. ಇದು ತನ್ನ ಕೈಲಾಗದ ಕೆಲಸವೆಂದು ಯಜಮಾನರಿಗೆ ಹೇಳಿ ಕಳಿಸಿ ಕಲಿಯುವುದನ್ನೇ ಬಿಟ್ಟಳು. ಮೇಷ್ಟ್ರು ನಡೆದದ್ದನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಲಾರಿ ನಿಂತ ಆ ಗಳಿಗೆಯಲ್ಲಿ ತಮ್ಮ ಮನಸ್ಸಿಗೆ ಬಂದ ಮಾತನ್ನಂತೂ ತಮಗೆ ತಾವೇ ಹೇಳಿಕೊಳ್ಳಲೂ ಹೆದರಿದರು.

ಅದೇ ವಾರ ಹೆಂಡತಿ ಪಾತ್ರೆ ಒರೆಸಿಡುತ್ತ ಒಂದು ವಿಷಯ ತಿಳಿಸಿದಳು. ಆಸ್ಪತ್ರೆಯವರು ಬೇರೆ ಊರಿನಲ್ಲಿ ಹೊಸ ಕಟ್ಟಡ ತೆರೆಯುತ್ತಿದ್ದಾರೆ, ಅಲ್ಲಿನ ಎಕ್ಸ್‌ರೇ ವಿಭಾಗ ನೋಡಿಕೊಳ್ಳಲು ಅವಳನ್ನು ಕರೆದಿದ್ದಾರೆ, ಇರಲು ಮನೆಯನ್ನೂ ಕೊಡುತ್ತಾರೆ, ಮಗಳು ಅಲ್ಲೇ ಓದು ಮುಂದುವರಿಸಬಹುದು. ತಿಂಗಳ ಕೊನೆಗೆ ಉತ್ತರ ಹೇಳಬೇಕು.

"ಮತ್ತೆ ನಾನು?" ಎಂದರು ಮೇಷ್ಟ್ರು.

"ನೀವು ಮೊದ್ಲು ಯಾರ ಹತ್ರನಾದ್ರೂ ಹೋಗಿ ಮಾತಾಡಿ. ನಮ್ಮ ಡಾಕ್ಟ್ರು ಒಬ್ರು ಕೌನ್ಸೆಲರ್ ಹೆಸರು ಹೇಳಿದ್ದಾರೆ."

"ನನಗೇನು ತಲೆ ಕೆಟ್ಟಿದ್ಯಾ?"

"ತಲೆ ಕೆಟ್ಟಿದೆ ಅಂತ ನಾನಂದ್ನಾ? ನಿಮ್ಮ ಜೊತೆ ಬದುಕೋಕೆ ನನಗೆ ಆಗ್ತಿಲ್ಲ ಅಷ್ಟೆ. ಹೋದ್ರೆ ನೋಡೋಣ. ಹೋಗ್ದಿದ್ರೆ ನಾನೂ ಮಗಳೂ ಹೊರಡ್ತೀವಿ."

ಅವಳು ಧ್ವನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ಒರೆಸಿದ ತಟ್ಟೆಯನ್ನು ತಟ್ಟೆಗಳ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡಳು.

ಕೌನ್ಸೆಲರ್ ಕೂರುತ್ತಿದ್ದದ್ದು ಪೇಟೆಬೀದಿಯ ಕನ್ನಡಕದ ಅಂಗಡಿಯ ಮಹಡಿಯಲ್ಲಿ. ಕಾರಿನ ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಇದ್ದದ್ದರಿಂದ ಮೇಷ್ಟ್ರು ಅದನ್ನು ಎರಡು ಬೀದಿ ಆಚೆ ನಿಲ್ಲಿಸಿ, ಕನ್ನಡಕ ಕೊಳ್ಳಲು ಬಂದವರ ಹಾಗೆ ಕಿಟಕಿಯ ಫ್ರೇಮುಗಳನ್ನು ನೋಡುತ್ತ ನಿಂತು, ಬೀದಿ ಖಾಲಿಯಾದಾಗ ಸರಕ್ಕನೆ ಮೆಟ್ಟಿಲು ಹತ್ತಿದರು. ಇಷ್ಟೆಲ್ಲ ಮಾಡಿ ಒಳಗೆ ಹೋದರೆ ಕಾಯುವ ಕುರ್ಚಿಯಲ್ಲಿ ಬ್ಯಾಂಕ್ ಮ್ಯಾನೇಜರು ಕೂತಿದ್ದರು. ಗುರುಶಿಷ್ಯರಿಬ್ಬರೂ ಕಂಡೂ ಕಾಣದವರಾದರು. ಮ್ಯಾನೇಜರು ಗೋಡೆಯ ಗಡಿಯಾರವನ್ನು ಹೊಸದಾಗಿ ಕಂಡವರ ಹಾಗೆ ನೋಡತೊಡಗಿದರು, ಮೇಷ್ಟ್ರು ತಮ್ಮ ಚಪ್ಪಲಿಯನ್ನು.

ಕೌನ್ಸೆಲರ್ ನಡುವಯಸ್ಸಿನ ಹೆಂಗಸು. ಮಂಡಿನೋವಿದ್ದದ್ದರಿಂದ ಒಂದು ಕಾಲನ್ನು ಬೆತ್ತದ ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದರು. ಅದಕ್ಕೆ ಕ್ಷಮೆಯನ್ನೂ ಕೇಳಿದರು. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ, ನಿಮ್ಮ ಜೀವಕ್ಕೆ ಅಪಾಯ ಎಂದು ಕಂಡರೆ ಮಾತ್ರ ಬೇರೆಯವರ ಸಹಾಯ ಪಡೆಯಬೇಕಾಗುತ್ತದೆ ಎಂದು ಮೊದಲೇ ತಿಳಿಸಿ, ಏನು ಕಷ್ಟ ಎಂದು ಕೇಳಿದರು.

ಮೇಷ್ಟ್ರು ಆ ಪ್ರಶ್ನೆಯನ್ನು ಕೇಳಿದ್ದೇ ತಡ, ಎದುರಿಗಿರುವುದು ಇನ್ಸ್‌ಪೆಕ್ಟರು ಎಂದು ತೀರ್ಮಾನಿಸಿಬಿಟ್ಟರು. ಅವರ ಕಸುಬಿನವರಿಗೆ ಮಾತ್ರ ಆಗಬಹುದಾದ ತಪ್ಪು ಅದು. ಜೀವಮಾನವಿಡೀ ಜನರನ್ನು ಪಾಸು ಮಾಡಿಸಿದವರು ತಾವು ಫೇಲಾಗುವುದುಂಟೇ? ಬೆನ್ನು ನೆಟ್ಟಗೆ ಮಾಡಿಕೊಂಡರು. ಸ್ವಲ್ಪ ಮುಂಗೋಪ ಮೇಡಂ, ತಪ್ಪು ನನ್ನದೇ, ತಿದ್ದಿಕೊಳ್ಳುತ್ತಿದ್ದೇನೆ. ನಿದ್ದೆ? ಚೆನ್ನಾಗಿ ಬರುತ್ತದೆ. ಭಯ, ಎದೆಬಡಿತ? ಅಂಥದ್ದೇನೂ ಇಲ್ಲ. ಬದುಕೇ ಸಾಕು ಅನ್ನಿಸುವುದು? ಛೆ ಛೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದಕ್ಕೂ ನಯವಾಗಿ ಉತ್ತರ ಕೊಟ್ಟು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡು ನಿಂತರು. ಅಂಗಿಯ ಬೆನ್ನು ಒದ್ದೆಯಾಗಿ ಮೈಗಂಟಿತ್ತು. ಮುಂದಿನ ವಾರವೂ ಹೀಗೇ ನಡೆಯಿತು.

ಮೂರನೆಯ ಸಲ ಹೋದಾಗ ಮೇಷ್ಟ್ರೇ ಧೈರ್ಯ ಮಾಡಿ, "ಹಾಗಾದ್ರೆ ನಾನು ಪಾಸಾ ಮೇಡಂ?" ಎಂದು ಕೇಳಿದರು.

ಕೌನ್ಸೆಲರ್ ನಗಲಿಲ್ಲ. "ನೀವು ಹೇಳೋದೆಲ್ಲ ಸರಿಯಾಗೇ ಇದೆ. ಒಂದೇ ಒಂದು ತಪ್ಪು ಉತ್ತರ ಇಲ್ಲ. ನನಗೆ ಅದೇ ಯೋಚನೆ" ಎಂದರು. ಇಲ್ಲಿ ಪಾಸು ಫೇಲು ಇಲ್ಲ ಎಂದು ಬಿಡಿಸಿ ಹೇಳಿದರು. ಇಬ್ಬರಿಗೂ ಒಪ್ಪಿಗೆಯಿದ್ದರೆ ಮುಂದಿನ ಸಲ ಹೆಂಡತಿಯನ್ನೂ ಕರೆತರಬಹುದು ಎಂದರು.

ಮೇಷ್ಟ್ರು ಈ ಮಾತಿನ ಮೊದಲರ್ಧವನ್ನು ಮಾತ್ರ ಮನೆಗೆ ತಂದರು. ಹೇಳಿದ್ದೆಲ್ಲ ಸರಿಯಾಗಿದೆಯಂತೆ, ಇನ್ನು ನಿನ್ನನ್ನು ನೋಡಿದರೆ ಮುಗಿಯಿತಂತೆ. ಹೆಂಡತಿ ಅವರ ಮುಖವನ್ನೇ ನೋಡಿ, ಆಗಲಿ ಬರುತ್ತೇನೆ ಎಂದಳು. ಸಮಯ ಸಿಕ್ಕಿದ್ದು ಸೋಮವಾರ ಸಂಜೆ. ಮಂಗಳವಾರ ಬೆಳಿಗ್ಗೆ ಅವಳು ಆಸ್ಪತ್ರೆಗೆ ಉತ್ತರ ಹೇಳಬೇಕಿತ್ತು.

ಭಾನುವಾರ ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಹೆಂಡತಿಯನ್ನು ಊಟದ ಮೇಜಿನ ಎದುರು ಕೂರಿಸಿಕೊಂಡು ಕೊನೆಯ ಪಾಠ ಶುರು ಮಾಡಿದರು. ಹೇಗಿದ್ದಾರೆ ಎಂದು ಕೇಳಿದರೆ ಮೊದಲಿಗಿಂತ ಎಷ್ಟೋ ವಾಸಿ ಅನ್ನು. ಸಿಟ್ಟು ಕಮ್ಮಿಯಾಗಿದೆ ಅನ್ನು. ನಮ್ಮ ಮಾತು ಕೇಳಿಸಿಕೊಳ್ಳುತ್ತಾರೆ, ನಿದ್ದೆ ಚೆನ್ನಾಗಿ ಮಾಡುತ್ತಾರೆ ಅನ್ನು. ಫೋನಿನ ವಿಷಯ ಅವರಾಗಿ ಎತ್ತಿದರೆ ಮಾತ್ರ ಹೇಳು. ತಡಬಡಾಯಿಸಬೇಡ, ತಡಬಡಾಯಿಸಿದರೆ ಅನುಮಾನ ಬರುತ್ತದೆ. ಎರಡೆರಡು ಸಲ ಹೇಳಿಸಿ ನೋಡಿದರು. ಪಕ್ಕದ ಕೋಣೆಯಲ್ಲಿದ್ದ ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡಿದಳು. ಅಮ್ಮ ಕಣ್ಣಿನಲ್ಲೇ ಸುಮ್ಮನಿರು ಎಂದಳು. ಮೇಷ್ಟ್ರಿಗೆ ಎಷ್ಟೋ ದಿನಗಳ ನಂತರ ಹೆಂಡತಿ ತಮ್ಮ ಮಾತು ಕೇಳುತ್ತಿದ್ದಾಳೆ ಎಂದು ಸಂತೋಷವಾಯಿತು.

ಸೋಮವಾರ ಸಂಜೆ ಇಬ್ಬರೂ ಕೌನ್ಸೆಲರ್ ಎದುರು ಅಕ್ಕಪಕ್ಕ ಕೂತರು. ಹೆಂಡತಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಇಟ್ಟಿದ್ದಳು. ಕೆಳಗೆ ಅಂಗಡಿಯವನು ಗಾಜು ಉಜ್ಜುವ ಯಂತ್ರದ ಸದ್ದು ಬಂದು ನಿಂತಿತು.

"ನೀವು ಹೇಳಿ. ಮನೇಲಿ ಹೇಗಿದೆ?" ಎಂದು ಕೌನ್ಸೆಲರ್ ಅವಳನ್ನು ಕೇಳಿದರು.

"ಮೊದಲಿಗಿಂತ ಎಷ್ಟೋ ವಾಸಿ" ಎಂದಳು ಹೆಂಡತಿ. "ಸಿಟ್ಟು ಕಮ್ಮಿಯಾಗಿದೆ. ನಮ್ಮ ಮಾತು ಕೇಳಿಸ್ಕೋತಾರೆ. ನಿದ್ದೆ ಚೆನ್ನಾಗಿ ಮಾಡ್ತಾರೆ."

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೇಷ್ಟ್ರು ಒಳಗೊಳಗೇ ಭೇಷ್ ಅಂದುಕೊಂಡರು. ನಿಮಗೆ ಹೇಗನ್ನಿಸುತ್ತಿದೆ ಎಂದು ಕೌನ್ಸೆಲರ್ ಕೇಳಿದರು. ನೆಮ್ಮದಿಯಾಗಿದೆ ಎಂದಳು. ಇನ್ನೇನಾದರೂ ಹೇಳುವುದಿದೆಯೇ? ಏನಿಲ್ಲ. ಅವಳ ಕಣ್ಣು ಕಿಟಕಿಯ ಕಡೆಗಿತ್ತು.

ಆ ದನಿ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಕಾರು ಓಡಿಸುವ ಆಸೆಯೇ ಇಲ್ಲದೆ, ಲೈಸೆನ್ಸು ಕೈಗೆ ಬಂದರೆ ಸಾಕು ಎಂದು ಬರುವ ಶಿಷ್ಯರು ಹೀಗೇ ಮಾತಾಡುವುದು. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಒಪ್ಪಿಸುತ್ತಾರೆ, ವಾದ ಮಾಡುವುದಿಲ್ಲ, ಅಳುವುದಿಲ್ಲ. ಪಾಸಾದವರು ಮತ್ತೆ ಮೇಷ್ಟ್ರ ಕಾರು ಹತ್ತುವುದಿಲ್ಲ. ಇವಳು ತಮ್ಮ ಮಾತು ಕೇಳಿದ್ದು ತಮ್ಮ ಮೇಲಿನ ಭರವಸೆಯಿಂದಲ್ಲ, ನಾಳೆ ಜಗಳವಿಲ್ಲದೆ ಹೊರಟುಹೋಗುವುದಕ್ಕೆ. ಅವಳು ಆಗಲೇ ಹೋಗಿಯಾಗಿದೆ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಕೌನ್ಸೆಲರ್ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದರು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಎಲ್ಲ ಸುಗಮವಾಗಿ ಮುಗಿದುಹೋಗುತ್ತಿತ್ತು.

"ಅದೆಲ್ಲ ಸುಳ್ಳು" ಎಂದರು ಮೇಷ್ಟ್ರು. "ಅವಳು ಹೇಳಿದ್ದು ಸುಳ್ಳು. ನಾನೇ ಬಾಯಿಪಾಠ ಮಾಡಿಸ್ದೆ. ನಾನು ಹೇಳಿದ್ದೂ ಸುಳ್ಳೇ, ಮೊದಲ್ನೇ ದಿನದಿಂದ."

ಹೆಂಡತಿ ಕಿಟಕಿಯಿಂದ ಕಣ್ಣು ತೆಗೆದಳು. ಮೇಷ್ಟ್ರು ಅವಳ ಕಡೆ ನೋಡದೆ, ಕೌನ್ಸೆಲರ್ ಕಡೆಯೂ ನೋಡದೆ, ತಮ್ಮ ಮಂಡಿಗೆ ಹೇಳಿಕೊಳ್ಳುವವರ ಹಾಗೆ ಹೇಳುತ್ತ ಹೋದರು. ಬಚ್ಚಲಮನೆಯ ನಲ್ಲಿಯ ಮಾತು ಬಂತು. ಫೋನ್ ಎತ್ತದಿದ್ದರೆ ಅವಳು ಎಲ್ಲೋ ಸತ್ತು ಬಿದ್ದಿದ್ದಾಳೆ ಎಂದು ಕಣ್ಣಿಗೆ ಕಟ್ಟುವುದು, ಆ ಹೆದರಿಕೆ ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗುವುದು, ಆಮೇಲೆ ನಾಚಿಕೆಯಿಂದ ಮಾತೇ ನಿಂತುಹೋಗುವುದು ಬಂತು. ಸರ್ಕಲ್ಲು ಬಂತು, ದರ್ಜಿ ಹೆಂಗಸು ಬಂದಳು, ಕ್ಲಚ್ಚಿನ ಸುಳ್ಳು ಬಂತು. ಅಲ್ಲಿಗೆ ಬಂದು ತಡೆದರು. ಕೌನ್ಸೆಲರ್ ಅವಸರ ಮಾಡಲಿಲ್ಲ.

"ಲಾರಿ ನಿಲ್ತಲ್ಲ" ಎಂದರು ಮೇಷ್ಟ್ರು. "ಯಾಕಾದ್ರೂ ನಿಲ್ತೋ ಅನ್ನಿಸ್ತು ನನಗೆ."

ಮೊದಲು ಮಾತಾಡಿದವಳು ಹೆಂಡತಿಯೇ. ಅವಳ ಧ್ವನಿಯಲ್ಲಿ ಕನಿಕರವಿರಲಿಲ್ಲ, ಸಿಟ್ಟಿತ್ತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು.

"ಆ ಕಾರಲ್ಲಿ ಆ ಹೆಂಗಸೂ ಇದ್ಲಲ್ಲ?"

"ಇದ್ಲು."

"ತಪ್ಪು ಅವಳದ್ದಲ್ಲ ಅಂತ ಹೇಳಿದ್ರಾ?"

"ಇಲ್ಲ. ಹೇಳ್ಬೇಕು. ಹೇಳ್ತೀನಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಟ್ಟು ಹೋಗ್ತೀಯ ಅಂದ್ಕೊಂಡೆ."

"ಹೇಳ್ದೆ ಇದ್ದಿದ್ದಕ್ಕೇ ಹೊರಟಿದ್ದೆ ನಾನು" ಎಂದಳು. ಹಾಗೆ ಹೇಳುತ್ತ ಅತ್ತುಬಿಟ್ಟಳು. ಮೇಷ್ಟ್ರಿಗೆ ಅವಳ ಭುಜ ಮುಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಮುಟ್ಟಲಿಲ್ಲ.

ಕೌನ್ಸೆಲರ್ ನೇರವಾಗಿಯೇ ಕೇಳಿದರು: ಸಾಯಬೇಕು ಅನ್ನಿಸುತ್ತದೆಯೇ, ಹೇಗೆ ಎಂದೇನಾದರೂ ಯೋಚಿಸಿದ್ದೀರಾ. ಯೋಚಿಸಿಲ್ಲ, ಇಲ್ಲದೇ ಹೋದರೆ ಚೆನ್ನ ಅನ್ನಿಸುತ್ತದೆ ಎಂದರು ಮೇಷ್ಟ್ರು. ಆ ಪ್ರಶ್ನೆಯನ್ನು ಇನ್ನೊಬ್ಬರು ಅಳುಕಿಲ್ಲದೆ ಕೇಳಿದ್ದೇ ಅವರಿಗೆ ಒಂದು ಬಗೆಯ ಬಿಡುಗಡೆಯಾಗಿತ್ತು. ಇದು ಸ್ವಭಾವದ ದೋಷವಲ್ಲ, ಕಾಯಿಲೆ, ಮಾತೂ ಬೇಕು, ಮದ್ದೂ ಬೇಕಾಗಬಹುದು ಎಂದು ಕೌನ್ಸೆಲರ್ ವಿವರಿಸಿದರು. ಅಲ್ಲೇ ಕೂತು ಮಾನಸಿಕ ರೋಗಗಳ ಡಾಕ್ಟರಿಗೆ ಫೋನ್ ಮಾಡಿ ಮರುದಿನ ಬೆಳಿಗ್ಗೆಗೆ ಸಮಯ ಕೇಳಿದರು. ರಾತ್ರಿ ಒಬ್ಬರೇ ಇರಬೇಡಿ ಎಂದರು. ಡಾಕ್ಟರು ಹೇಳುವ ತನಕ ಕಲಿಸುವ ಕಾರು ಹತ್ತಬಾರದು ಎಂದಾಗ ಮೇಷ್ಟ್ರು ಮರುಮಾತಿಲ್ಲದೆ ಒಪ್ಪಿಕೊಂಡರು. ಹೆಂಡತಿ ಹೋಗುತ್ತಾಳೋ ಇರುತ್ತಾಳೋ ಎಂಬುದನ್ನು ಕೌನ್ಸೆಲರ್ ಕೇಳಲಿಲ್ಲ, ಮೇಷ್ಟ್ರಿಗೂ ಕೇಳುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಮನೆಗೆ ಬಂದರು.

ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ಬಟ್ಟೆಯನ್ನೇ ಉಟ್ಟು ಸಿದ್ಧಳಾದಳು. ಇವಳು ಆಸ್ಪತ್ರೆಗೇ ಹೊರಟಳೆಂದು ಮೇಷ್ಟ್ರು ತಿಳಿದರು. ಆದರೆ ಆಸ್ಪತ್ರೆಯ ಬಸ್ಸು ಬಂದು ಹೋದರೂ ಅವಳು ಹತ್ತಲಿಲ್ಲ. ಡಾಕ್ಟರ ಕಡೆಗೆ ಹೋಗುವ ಬಸ್ಸಿಗೆ ಕೈ ತೋರಿಸಿದಳು.

ಡಾಕ್ಟರ ಹೊರಕೋಣೆ ಕಿಕ್ಕಿರಿದಿತ್ತು. ಅಲ್ಲಿ ಕೂತಿದ್ದವರಲ್ಲಿ ಕನಿಷ್ಠ ಇಬ್ಬರು ಮೇಷ್ಟ್ರ ಹಳೆಯ ಶಿಷ್ಯರು. ಒಬ್ಬ ಎದ್ದು ನಿಂತು ನಮಸ್ಕಾರ ಬೇರೆ ಹೇಳಿದ. ಮೇಷ್ಟ್ರು ಮೂಲೆಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ಯಜಮಾನರಿಗೆ ಫೋನ್ ಮಾಡಿ ಹೊಟ್ಟೆನೋವು, ಇವತ್ತು ಬರಲಾಗುವುದಿಲ್ಲ ಎಂದರು. ಬಂದು ಕೂತ ಮೇಲೆ ಹೆಂಡತಿ ಅವರನ್ನು ಒಂದು ಥರ ನೋಡಿದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಆಸ್ಪತ್ರೆಯವರು.

"ಇವತ್ತು ಬರೋಕಾಗಲ್ಲ ಸರ್" ಎಂದಳು. "ನಮ್ಮನೆಯವ್ರಿಗೆ ಹುಷಾರಿಲ್ಲ."

ಏನಾಗಿದೆ ಎಂದು ಅತ್ತಲಿಂದ ಕೇಳಿರಬೇಕು. ಅವಳು ಮೂಲೆಗೆ ಹೋಗಲಿಲ್ಲ, ದನಿ ತಗ್ಗಿಸಲಿಲ್ಲ.

"ಮನಸ್ಸಿಗೆ ಹುಷಾರಿಲ್ಲ. ಅದರ ಡಾಕ್ಟ್ರ ಹತ್ರಾನೇ ಕೂತಿದ್ದೀವಿ. ಹೊಸ ಊರಿನ ಕೆಲ್ಸ ಈಗ ಒಪ್ಕೊಳ್ಳೋಕಾಗಲ್ಲ ಸರ್. ಬೇರೆಯವ್ರಿಗೆ ಕೊಡೋದಾದ್ರೆ ಕೊಡಿ."

ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿದರು. ಮೇಷ್ಟ್ರ ಕಿವಿ ಬಿಸಿಯಾಯಿತು. ಒಂದು ವರ್ಷ ನಲ್ಲಿಯ ಸದ್ದಿನಲ್ಲಿ ಮುಚ್ಚಿಟ್ಟ ಮಾತನ್ನು ಅವಳು ಹತ್ತು ಜನರ ನಡುವೆ ಹೇಳಿಬಿಟ್ಟಿದ್ದಳು, ನೆಗಡಿ ಜ್ವರದ ಮಾತು ಹೇಳಿದಷ್ಟು ಸಹಜವಾಗಿ. ಯಾರು ನೋಡುತ್ತಿದ್ದಾರೆ ಎಂದು ನೋಡಲು ಮೇಷ್ಟ್ರ ಕತ್ತು ತಿರುಗಲಿಲ್ಲ. ಅವರ ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಹೆಂಡತಿ ಫೋನನ್ನು ಬ್ಯಾಗಿಗೆ ಹಾಕಿ, "ಉಳ್ಕೊಂಡುಬಿಟ್ಲು ಅಂತ ನಿಶ್ಚಿಂತೆಯಾಗಿರ್ಬೇಡಿ. ಇನ್ನೊಂದ್ಸಲ ಬಾಯಿಪಾಠ ಮಾಡಿಸಿದ್ರೆ ಅವತ್ತೇ ಹೊರಡ್ತೀನಿ" ಎಂದಳು. ಮೇಷ್ಟ್ರು ತಲೆಯಾಡಿಸಿದರು.

ನರ್ಸು ಬಾಗಿಲು ತೆರೆದು ಇವರ ಸರದಿ ಎಂದು ಕೈ ಮಾಡಿದಳು. ಮೇಷ್ಟ್ರು ಎದ್ದವರು ಹಾಗೇ ನಿಂತು, "ಒಳಗೆ ಏನು ಹೇಳ್ಲಿ?" ಎಂದು ಮೆಲ್ಲಗೆ ಕೇಳಿದರು.

"ನನಗೇನು ಗೊತ್ತು?" ಎಂದಳು ಹೆಂಡತಿ, ಮತ್ತು ಅವರ ಜೊತೆಗೇ ಎದ್ದಳು.